ಎಕರೆ ಕೊಟ್ಟರಷ್ಟೇ ಸಾಲದು, ಮೊದಲ ಆರ್ಡರ್ ಕೊಡಿ: ಹುಬ್ಬಳ್ಳಿಯಿಂದ ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು,
ಮಾನ್ಯ ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಸಣ್ಣದೊಂದು ಮಷಿನ್ ಶಾಪ್ ನಡೆಸುತ್ತೇನೆ. ವಾಲ್ವಿನ ಸ್ಪಿಂಡಲ್, ಸೀಟ್ ರಿಂಗ್, ಬಾನೆಟ್‌ಗಳ ಜಾಬ್ ವರ್ಕ್ ಮಾಡಿ ಬದುಕುತ್ತಿರುವವನು. ಹುಬ್ಬಳ್ಳಿ-ಧಾರವಾಡ-ಬೆಳಗಾವಿ, ಮೈಸೂರು, ಮಂಗಳೂರುಗಳನ್ನು ತಂತ್ರಜ್ಞಾನದ ಕ್ಲಸ್ಟರ್‌ಗಳನ್ನಾಗಿ ಬೆಳೆಸುತ್ತೇವೆ ಎಂದು 'ಬಿಯಾಂಡ್ ಬೆಂಗಳೂರು' ಹೆಸರಿನಲ್ಲಿ ಸರ್ಕಾರ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಸರ್ಕಾರದ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಡೆಯುತ್ತಿರುವ ಕೆಲಸದಲ್ಲಿ ಬಹಳ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ. ಕಚೇರಿಗಳಲ್ಲಿ ಮನವಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದದ್ದಾಯಿತು. ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಕ್ಲಸ್ಟರ್ ಎಂದ ಕೂಡಲೇ ನಮ್ಮಲ್ಲಿ ಮಾತು ಶುರುವಾಗುವುದು ಎಕರೆಯಿಂದ. ಎಷ್ಟು ಎಕರೆ, ಎಷ್ಟು ಕೋಟಿಯ ಒಡಂಬಡಿಕೆ, ಯಾವ ಕಂಪನಿ, ಎಷ್ಟು ಮಹಡಿಯ ಐಟಿ ಪಾರ್ಕ್. 2025ರ ಜುಲೈನಲ್ಲಿ ದೇವನಹಳ್ಳಿಯ ರೈತರ ಹೋರಾಟಕ್ಕೆ ಮಣಿದು 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಾಗ, ವಿಮಾನೋದ್ಯಮವೇ ಪಕ್ಕದ ರಾಜ್ಯಕ್ಕೆ ಹೋಗಿಬಿಡುತ್ತದೆ ಎಂಬ ಕೂಗೆದ್ದಿತು. ಪಕ್ಕದ ರಾಜ್ಯದವರು ಭೂಮಿ ಕೊಡುತ್ತೇವೆ ಬನ್ನಿ ಎಂದು ಕರೆದದ್ದೂ ಆಯಿತು. ಭೂಮಿ ಬೇಡ ಎಂದು ನಾನು ಹೇಳುವುದಿಲ್ಲ, ಶೆಡ್ಡಿಗೆ ಜಾಗ ಬೇಕೇ ಬೇಕು. ಆದರೆ ವಿಮಾನದ ಬಿಡಿಭಾಗ ಮಾಡುವವನು ಬೆಂಗಳೂರು ಬಿಟ್ಟು ಹೋಗಲು ಹಿಂದೆಮುಂದೆ ನೋಡುವುದು ಅಲ್ಲಿ ಜಾಗ ಅಗ್ಗ ಎಂದಲ್ಲ. ಬೆಂಗಳೂರಿನ ಜಾಗ ಅಗ್ಗವೂ ಅಲ್ಲ. ಟೈಟಾನಿಯಂ ಕಟಿಂಗ್ ಬಲ್ಲ ಆಪರೇಟರ್, ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವ ಹೀಟ್ ಟ್ರೀಟ್‌ಮೆಂಟ್ ಘಟಕ, ಸರ್ಟಿಫಿಕೇಟ್ ಕೊಡುವ ಲ್ಯಾಬ್, ಡ್ರಾಯಿಂಗ್ ನೋಡಿ 'ಇದು ಹೀಗಾಗಲ್ಲ, ಹೀಗೆ ಮಾಡೋಣ' ಎನ್ನುವ ಹಳೆಯ ಫೋರ್‌ಮನ್ ಎಲ್ಲರೂ ಅರ್ಧ ತಾಸಿನ ದಾರಿಯಲ್ಲಿ ಸಿಗುತ್ತಾರೆ ಎಂಬ ಕಾರಣಕ್ಕೆ ಅವನು ಅಲ್ಲಿದ್ದಾನೆ.

ಇಂಥ ನಂಟು ಇಲ್ಲದ ಊರಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಲ್ಲಿಯದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿದ ಇಬ್ಬರು ಹುಡುಗರು ನಮ್ಮ ಶೆಡ್ಡಿಗೆ ಬಂದರು. ಕುಡಿಯುವ ನೀರಿನ ಪೈಪ್‌ಲೈನಿನ ವಾಲ್ವ್ ಎಷ್ಟು ತೆರೆದಿದೆ, ಒಳಗೆ ಒತ್ತಡ ಎಷ್ಟಿದೆ, ಎಲ್ಲಿ ಸೋರುತ್ತಿದೆ ಎಂಬುದನ್ನು ಮೊಬೈಲ್‌ಗೆ ಕಳಿಸುವ ಸಾಧನ ಮಾಡಬೇಕೆಂದು ಹೊರಟಿದ್ದರು. ವಾಲ್ವ್ ನಮಗೆ ಗೊತ್ತು, ಎಲೆಕ್ಟ್ರಾನಿಕ್ಸ್ ಅವರಿಗೆ ಗೊತ್ತು. ನೀರು ಬಿಡುವವನು ನಡುರಾತ್ರಿ ಎದ್ದು ಕೀಲಿ ಹಿಡಿದು ಚೇಂಬರಿಗೆ ಇಳಿಯುವ ಊರಿನಲ್ಲಿ, ವಾರಗಟ್ಟಲೆ ನಲ್ಲಿ ಕಾದು ಕೂರುವ ಬಡಾವಣೆಗಳಿರುವ ಊರಿನಲ್ಲಿ, ಇಂಥ ಸಾಧನಕ್ಕೆ ಕೆಲಸವಿದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲ ಸ್ಯಾಂಪಲ್ಲನ್ನು ಒಂದು ಮಳೆಗಾಲ ವಾಲ್ವ್ ಚೇಂಬರಿನಲ್ಲಿಟ್ಟು ತೆಗೆದೆವು. ಮುಚ್ಚಳ ಬಿಚ್ಚಿದರೆ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಒಳಗೆ ನೀರು ನಿಂತಿರಲಿಲ್ಲ, ಬರೀ ತೇವ. ಕೇಬಲ್ ಗ್ಲ್ಯಾಂಡ್ ಬದಲಿಸಿದೆವು. ಗ್ಯಾಸ್ಕೆಟ್ ಬಿಟ್ಟು ಓ-ರಿಂಗ್ ಹಾಕಿದೆವು. ಆ ರಿಂಗ್ ಕೂರುವ ತೋಡಿನ ಆಳವನ್ನು ನಮ್ಮ ಹಿರಿಯ ಟರ್ನರ್ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೊಂದಿಸಿ ಹೊಂದಿಸಿ ಕೊನೆಗೆ ಬೆರಳಿನಿಂದ ಸವರಿ 'ಈಗ ಕೂಡ್ತದ ನೋಡ್ರಿ' ಎಂದರು. ಕೂತಿತು. ಮುಂದೆ ಬೇಕಾದದ್ದು ಸರ್ಟಿಫಿಕೇಟ್. ನೀರಿನಲ್ಲಿ ಮುಳುಗಿಸಿಟ್ಟು ನೋಡುವ ಪರೀಕ್ಷೆ, ವಿದ್ಯುತ್ಕಾಂತೀಯ ಅಡಚಣೆಯ ಪರೀಕ್ಷೆ, ಬಿಸಿ-ತೇವದ ಚೇಂಬರಿನ ಪರೀಕ್ಷೆ. ಇವು ಯಾವುವೂ ನಮ್ಮ ಕೈಗೆಟುಕುವಂತೆ ಇಲ್ಲಿ ಇರಲಿಲ್ಲ. ಒಂದು ಸಂಸ್ಥೆಯಲ್ಲಿ ತೇವದ ಚೇಂಬರ್ ಇದೆ ಎಂದು ತಿಳಿದು ಹೋದರೆ, ಹೊರಗಿನವರಿಗೆ ಕೊಡಲು ದರಪಟ್ಟಿ ಇಲ್ಲ, ದರ ನಿಗದಿ ಮಾಡಲು ಸಮಿತಿ ಆಗಬೇಕು ಎಂದರು. ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಪೂರ್ತಿ ತೆಗೆದಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಅಲ್ಲಿ ಸರದಿ, ಶುಲ್ಕ, ಫೇಲ್, ವಾಪಸ್ಸು, ಮತ್ತೆ ಸರದಿ. ಬೆಂಗಳೂರಿನಲ್ಲೇ ಇರುವ ಕಂಪನಿಯವನು ಬೆಳಿಗ್ಗೆ ಫೇಲಾದದ್ದನ್ನು ಮಧ್ಯಾಹ್ನ ಸರಿಮಾಡಿ ಸಂಜೆ ಮತ್ತೆ ಲ್ಯಾಬಿಗೆ ಒಯ್ಯುತ್ತಾನೆ. ನಮ್ಮ ಹುಡುಗರಿಗೆ ಒಂದೊಂದು ತಿದ್ದುಪಡಿಗೂ ವಾರಗಳು ಹಿಡಿದವು. ಅಂತೂ ಪಾಸಾಯಿತು. ಆಮೇಲೆ ಒಂದು ಸರ್ಕಾರಿ ಸಂಸ್ಥೆಯ ಬಾಗಿಲಿಗೆ ಹೋದೆವು. ಅಲ್ಲಿನ ಎಂಜಿನಿಯರ್ ಸಾಧನವನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿಕೊಂಡರು. ಟೆಂಡರಿನ ಷರತ್ತು ಮಾತ್ರ ಬೇರೆ ಮಾತು ಹೇಳಿತು: ಹಿಂದಿನ ಮೂರು ವರ್ಷಗಳ ವಹಿವಾಟು ಇಷ್ಟಿರಬೇಕು, ಇದೇ ಬಗೆಯ ಸರಕನ್ನು ಮೊದಲೇ ಪೂರೈಸಿದ ಅನುಭವ ಪತ್ರ ಇರಬೇಕು. ಯಾರೂ ಇದುವರೆಗೆ ಮಾಡದ ಸರಕಿಗೆ ಅನುಭವ ಪತ್ರ ಎಲ್ಲಿಂದ ತರುವುದು? ಆ ಎಂಜಿನಿಯರ್ ಲಂಚ ಕೇಳಲಿಲ್ಲ, ಒರಟಾಗಿ ಮಾತಾಡಲಿಲ್ಲ. ನಿಯಮ ಮೀರಿದರೆ ನಾಳೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರಿಬ್ಬರೂ ಈಗ ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಗಳಲ್ಲಿ ಒಳ್ಳೆಯ ಸಂಬಳದಲ್ಲಿದ್ದಾರೆ. ಅವರು ಚೆನ್ನಾಗಿರಲಿ. ಹುಬ್ಬಳ್ಳಿ ಕಳೆದುಕೊಂಡದ್ದು ಒಂದು ಉದ್ದಿಮೆಯನ್ನು, ಅದರ ಸುತ್ತ ಹುಟ್ಟಬಹುದಾಗಿದ್ದ ಇನ್ನೂ ಕೆಲವನ್ನು.

ಮಾನ್ಯ ಸಚಿವರೇ, ಬೆಂಗಳೂರು ಬೆಂಗಳೂರಾದದ್ದು ಹೇಗೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ನಿಮ್ಮ ಅಧಿಕಾರಿಗಳು ತಯಾರಿಸುವ ನೀತಿಪತ್ರಗಳಲ್ಲಿ ಆ ಚರಿತ್ರೆ 1980ರ ದಶಕದಿಂದ ಶುರುವಾದಂತೆ ಕಾಣುವುದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1909ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರ ಕನಸಿನ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ತಲೆಯೆತ್ತಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬರೀ ಜಾಗ ತೋರಿಸಿ ಸುಮ್ಮನಾಗಲಿಲ್ಲ, ಬಂಡವಾಳದಲ್ಲೂ ಪಾಲು ಹಾಕಿತು.

ಇದರ ಮುಂದಿನ ಭಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ವಿಮಾನ ಕಾರ್ಖಾನೆ, ಹಿಂದೂಸ್ತಾನ್ ಏರ್‌ಕ್ರಾಫ್ಟ್, ಬಂದ ಎರಡೇ ವರ್ಷಕ್ಕೆ, 1942ರಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಹುಟ್ಟಿತು. ಆ ವಿಭಾಗವನ್ನು ಕಟ್ಟಿದ ವಿ.ಎಂ. ಘಾಟಗೆ ಮುಂದೆ ಕಾರ್ಖಾನೆಗೇ ಹೋಗಿ ವಿನ್ಯಾಸದ ಹೊಣೆ ಹೊತ್ತರು. ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಪಾಠ ಹೇಳುವವನು ಕಾರ್ಖಾನೆಗೆ ನಡೆದುಹೋದ, ಕಾರ್ಖಾನೆಯ ಕಷ್ಟ ತರಗತಿಗೆ ಬಂತು. 1972ರಲ್ಲಿ ಸತೀಶ್ ಧವನ್ ಬಾಹ್ಯಾಕಾಶ ಸಂಸ್ಥೆಯ ಚುಕ್ಕಾಣಿ ಹಿಡಿದಾಗ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲೂ ಮುಂದುವರಿದರು, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿಗೇ ಬಂತು. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಗಾಜಿನ ಕಟ್ಟಡದಲ್ಲಲ್ಲ, ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಆ ತಂಡದ ಮುಂದಾಳು. 1975ರ ಏಪ್ರಿಲ್ 19ರಂದು ಅದು ಮೇಲೇರಿತು. ನಮ್ಮಂಥವರು ಲೇತ್ ಇಟ್ಟುಕೊಂಡ ಸಾಲಿನಲ್ಲೇ ಉಪಗ್ರಹ ತಯಾರಾದರೆ ಆ ಲೇತುಗಳಿಗೆ ಎಂಥ ಕೆಲಸ ಬರತೊಡಗುತ್ತದೆ, ಆ ಕೈಗಳು ಎಂಥ ನಿಖರತೆ ಕಲಿಯುತ್ತವೆ ಎಂಬುದನ್ನು ಕಬ್ಬಿಣ ಕೊರೆದು ಬದುಕುವವನು ಬಲ್ಲ.

ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆ 1948ರಲ್ಲಿ, ಯಂತ್ರೋಪಕರಣ ಮಾಡುವ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ ಬಂದವು. ಜೊತೆಗೆ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ರಕ್ಷಣಾ ಪ್ರಯೋಗಾಲಯಗಳು, ಯಂತ್ರ ತಯಾರಿಕೆಯ ಸಂಶೋಧನಾ ಸಂಸ್ಥೆ ಸಿಎಂಟಿಐ, ಸರ್ಕಾರಿ ಟೂಲ್ ರೂಮ್. ಇಷ್ಟು ಜನ, ಇಷ್ಟು ಕಸುಬು ಕೂಡಿದ ಮೇಲೆ, 1970ರ ದಶಕದ ಕೊನೆಗೆ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಹೊಸೂರು ರಸ್ತೆಯಲ್ಲಿ 332 ಎಕರೆಯ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟದ್ದು. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ವಿಜ್ಞಾನ ಸಂಸ್ಥೆ ಶುರುವಾದ ಮೇಲೆ 76 ವರ್ಷ ಕಳೆದಿತ್ತು. ಎಕರೆ ಈ ಕಥೆಯಲ್ಲೂ ಇದೆ, ಆದರೆ ಕೊನೆಗೆ ಬರುತ್ತದೆ. ನಮ್ಮ ಪಾಲಿಗೆ ಮಾತ್ರ ಅದು ಮೊದಲು ಬಂದು, ಅಲ್ಲಿಗೇ ನಿಲ್ಲುತ್ತಿದೆ.

ಹಾಗಾದರೆ ಹುಬ್ಬಳ್ಳಿ 76 ವರ್ಷ ಕಾಯಬೇಕೇ ಎಂದು ನೀವು ಕೇಳಬಹುದು. ಬೇಕಿಲ್ಲ. ತೈವಾನಿನ ಸಿಂಚು ನೋಡಿ. ಅಲ್ಲಿಯ ಸರ್ಕಾರ 1973ರಲ್ಲಿ ಒಂದು ಕೈಗಾರಿಕಾ ಸಂಶೋಧನಾ ಸಂಸ್ಥೆ ಕಟ್ಟಿತು, 1976ರಲ್ಲಿ ತನ್ನ ಎಂಜಿನಿಯರುಗಳನ್ನು ಅಮೆರಿಕದ ಆರ್‌ಸಿಎ ಕಂಪನಿಗೆ ಚಿಪ್ ಮಾಡುವುದನ್ನು ಕಲಿಯಲು ಕಳಿಸಿತು. ಎರಡು ವಿಶ್ವವಿದ್ಯಾಲಯಗಳ ಮಗ್ಗುಲಲ್ಲಿ ವಿಜ್ಞಾನ ಪಾರ್ಕ್ ತೆರೆದದ್ದು 1980ರಲ್ಲಿ. ಅದೇ ವರ್ಷ ಸಂಶೋಧನಾ ಸಂಸ್ಥೆಯ ಹೊಟ್ಟೆಯಿಂದ ಚಿಪ್ ಕಂಪನಿ ಯುಎಂಸಿ ಹುಟ್ಟಿತು, 1987ರಲ್ಲಿ ಟಿಎಸ್‌ಎಂಸಿ. ಇಂದು ಜಗತ್ತಿನ ಚಿಪ್ಪುಗಳ ಗತಿ ನಿರ್ಧರಿಸುವ ಊರು ಅದು. ಅವರು ಮೊದಲು ತಯಾರು ಮಾಡಿದ್ದು ಜನರನ್ನು. ತಯಾರಾದ ಜನರನ್ನು ಸರ್ಕಾರಿ ಸಂಸ್ಥೆಯೊಳಗೇ ಕಟ್ಟಿಹಾಕಲಿಲ್ಲ, ಹೋಗಿ ಕಂಪನಿ ಕಟ್ಟಿರಿ ಎಂದು ಯಂತ್ರ, ಜ್ಞಾನ ಎರಡನ್ನೂ ಕೊಟ್ಟು ಕಳಿಸಿದರು.

ಬಿಟ್ಟು ಹೋಗುವ ಈ ಸ್ವಾತಂತ್ರ್ಯದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಇದನ್ನು ದ್ರೋಹವೆಂದೇ ನೋಡುತ್ತಾರೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಶಾಕ್ಲಿ ಪ್ರಯೋಗಾಲಯದಿಂದ ಎಂಟು ಜನ ಒಟ್ಟಿಗೆ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು, ನಾಯ್ಸ್ ಮತ್ತು ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಕಟ್ಟಿದರು. ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯಾಗಬಾರದು ಎಂದು ಕರಾರು ಬರೆಸಿಕೊಂಡರೆ ಆ ರಾಜ್ಯದ ಕಾನೂನು ಅದನ್ನು ಒಪ್ಪುವುದಿಲ್ಲ. ಅದೇ ದೇಶದ ಬೋಸ್ಟನ್ ಸುತ್ತಲಿನ ರೂಟ್ 128 ಹೆದ್ದಾರಿಯ ಪ್ರದೇಶದಲ್ಲಿ ಎಂಐಟಿ ವಿಶ್ವವಿದ್ಯಾಲಯ ಇತ್ತು, ಹಣವಿತ್ತು, ಡಿಇಸಿ, ವ್ಯಾಂಗ್‌ನಂಥ ದೊಡ್ಡ ಕಂಪ್ಯೂಟರ್ ಕಂಪನಿಗಳಿದ್ದವು. ಒಂದೊಂದು ಕಂಪನಿಯೂ ಎಲ್ಲವನ್ನೂ ತನ್ನ ಗೋಡೆಯೊಳಗೇ ಮಾಡಿಕೊಳ್ಳುತ್ತಿತ್ತು, ಜನ ಅಲ್ಲೇ ಸೇರಿ ಅಲ್ಲೇ ನಿವೃತ್ತರಾಗುತ್ತಿದ್ದರು. ಮಿನಿಕಂಪ್ಯೂಟರಿನ ಕಾಲ ಮುಗಿಯುತ್ತ ಬಂದಾಗ ಆ ದೊಡ್ಡ ಕಂಪನಿಗಳ ಜೊತೆ ಪ್ರದೇಶವೂ ಹಿಂದೆ ಬಿತ್ತು. ಗುಟ್ಟು ಸೋರಿಹೋಗುತ್ತದೆ ಎಂದು ಗೋಳಾಡಿದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ಮಾತ್ರ ಒಂದು ಸರಕು ಸತ್ತಾಗಲೆಲ್ಲ ಇನ್ನೊಂದನ್ನು ಹೆತ್ತಿತು.

ನಮ್ಮ ಕಾನೂನೂ ಇದೇ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬನ ಕಸುಬಿಗೆ ತಡೆ ಒಡ್ಡುವ ಕರಾರು ಆ ತಡೆಯ ಮಟ್ಟಿಗೆ ಅನೂರ್ಜಿತ. ಆದರೆ ಕಾನೂನಿನಲ್ಲಿ ಇಲ್ಲದ್ದು ನಮ್ಮ ವಸಾಹತುಗಳಲ್ಲಿ ರೂಢಿಯಲ್ಲಿದೆ. ಡಿಪ್ಲೊಮಾ ಮುಗಿಸಿ ಬಂದ ಹುಡುಗರ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಮಾಲೀಕರು ನಮ್ಮ ನಡುವೆಯೇ ಇದ್ದಾರೆ. ಇದು ತಪ್ಪು ಎಂದು ಸಂಘದ ಸಭೆಯಲ್ಲೂ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ. ಕಲಿಸಿದ ಹುಡುಗ ಪಕ್ಕದ ಶೆಡ್ಡಿಗೆ ಹೋದರೆ ನನಗೆ ಒಂದು ತಿಂಗಳು ಕಷ್ಟವಾಗುತ್ತದೆ. ಅವನು ಊರು ಬಿಟ್ಟು ಹೋದರೆ ಆ ನಷ್ಟ ಊರಿಗೇ ಆಗುತ್ತದೆ, ಅದು ತುಂಬುವುದಿಲ್ಲ.

ಹರಿಹರವನ್ನು ನೆನೆದರೆ ಇದು ಅರ್ಥವಾಗುತ್ತದೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾಯಿತು. ಆ ಲೇತುಗಳು ಉತ್ತರ ಕರ್ನಾಟಕದ ಎಷ್ಟೋ ಶೆಡ್ಡುಗಳಲ್ಲಿ ಇಂದಿಗೂ ತಿರುಗುತ್ತಿವೆ, ನಮ್ಮಲ್ಲೂ ಒಂದಿದೆ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿದಾಗ ಅಷ್ಟು ಪಳಗಿದ ಕೈಗಳನ್ನು ಹಿಡಿದುಕೊಳ್ಳಲು ಊರಿನಲ್ಲಿ ಆ ಮಟ್ಟದ ಇನ್ನೊಂದು ಬಾಗಿಲಿರಲಿಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿ, ಐಟಿಐಗಳು ಸೊರಗಿದಾಗಲೂ ನೋವು ಕಡಿಮೆ ಇರಲಿಲ್ಲ. ಆದರೆ ಅಲ್ಲಿ ಕಸುಬು ಬಲ್ಲವನಿಗೆ ಪೀಣ್ಯವಿತ್ತು. ಹಲವರು ಅಲ್ಲಿ ಕೆಲಸ ಹಿಡಿದರು, ಕೆಲವರು ತಾವೇ ಶೆಡ್ ಹಾಕಿದರು. ಒಂದು ದೊಡ್ಡ ಕಂಪನಿಯನ್ನು ಕರೆತಂದು ಊರಿನ ಹಣೆಬರಹವನ್ನೆಲ್ಲ ಅದರ ಕೈಗೆ ಕೊಡುವುದಕ್ಕೂ, ನೂರು ಸಣ್ಣ ಬಾಗಿಲುಗಳನ್ನು ತೆರೆಸುವುದಕ್ಕೂ ಇರುವ ಅಂತರ ಇದು. ಮನೆ ಸಾಲದ ಇಎಂಐ ಕಟ್ಟುವ ಎಂಜಿನಿಯರ್, ಅವನ ಹೆಂಡತಿಯೂ ಎಂಜಿನಿಯರ್ ಆಗಿದ್ದರೆ, ಹುಬ್ಬಳ್ಳಿಗೆ ವಾಪಸು ಬರುವ ಮೊದಲು ಕೇಳುವ ಪ್ರಶ್ನೆಯೂ ಇದೇ: ಈ ಕೆಲಸ ಹೋದರೆ ಈ ಊರಿನಲ್ಲಿ ಇನ್ನೊಂದು ಸಿಗುತ್ತದೆಯೇ?

ನಮ್ಮ ಕಡೆಯವರಿಗೆ ಕಸುಬಿಲ್ಲ, ಧೈರ್ಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡುವ ಹಂತಕ್ಕೆ ಬಂದಿದ್ದರು. ಹೊಸ ಬಡಾವಣೆಗಾಗಿ ಅಲ್ಲಿನ ಪುರಸಭೆ ಅವರ ಜಾಗ ತೆರವು ಮಾಡಿಸಿತು. ಔಂಧ್ ಸಂಸ್ಥಾನದ ರಾಜರು ಜಾಗವನ್ನೂ ಸಾಲವನ್ನೂ ಕೊಟ್ಟು ಕರೆದರು. 1910ರಲ್ಲಿ ಕಿರ್ಲೋಸ್ಕರವಾಡಿ ಅಲ್ಲಿ ಹುಟ್ಟಿತು. ಇಂದು ಅದು ಮಹಾರಾಷ್ಟ್ರದಲ್ಲಿದೆ. ಅಂದಿನ ಬೆಳಗಾವಿಯ ಆಡಳಿತದಲ್ಲಿ ಒಬ್ಬರಾದರೂ ಈ ಮನುಷ್ಯ ಮಾಡುತ್ತಿರುವುದೇನು ಎಂದು ಕಣ್ಣಿಟ್ಟು ನೋಡಿದ್ದರೆ ನಮ್ಮ ಭಾಗದ ಚರಿತ್ರೆ ಬೇರೆಯಾಗಿರುತ್ತಿತ್ತು ಎಂದು ನಾನು ಬಲವಾಗಿ ನಂಬಿದ್ದೇನೆ.

ಇಂದಿಗೂ ಇಲ್ಲಿ ಬೀಜವಿದೆ. ಹುಬ್ಬಳ್ಳಿಯಲ್ಲಿ 19ನೇ ಶತಮಾನದಿಂದ ರೈಲ್ವೆ ವರ್ಕ್‌ಶಾಪ್ ಇದೆ, ದೇಶವಿದೇಶಕ್ಕೆ ಹೋಗುವ ವಾಲ್ವ್ ಮಾಡುವ ಕಾರ್ಖಾನೆಗಳಿವೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್ ಇವೆ. ಹತ್ತರಗಿಯ ಎಸ್‌ಇಜೆಡ್‌ನಲ್ಲಿ ತಯಾರಾದ ವಿಮಾನದ ಬಿಡಿಭಾಗಗಳು ಏರ್‌ಬಸ್‌ಗೆ ಹೋಗುತ್ತಿವೆ. ಫೋರ್ಜಿಂಗ್, ಮಷಿನಿಂಗ್, ಮೇಲ್ಮೈ ಸಂಸ್ಕರಣೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದ್ದು ಅಲ್ಲಿಯ ಗೆಲುವಿನ ಗುಟ್ಟು. ಒಂದು ಬಿಡಿಭಾಗ ಪ್ಲೇಟಿಂಗ್‌ಗಾಗಿ ಊರೂರು ತಿರುಗಬೇಕಿಲ್ಲ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. 1947ರಿಂದ ಎಂಜಿನಿಯರುಗಳನ್ನು ಕೊಡುತ್ತಿರುವ ಬಿವಿಬಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಹುಬ್ಬಳ್ಳಿಯಲ್ಲೇ ಇದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಚಿಗರಿ ಎಂಬ ವೇಗದ ಬಸ್ಸು ಓಡುತ್ತದೆ. ಅದರಲ್ಲಿ ಕೂತು ಪ್ರಾಧ್ಯಾಪಕರು ನಮ್ಮ ಶೆಡ್ಡಿಗೂ, ನಮ್ಮ ಟರ್ನರ್ ಅವರ ಲ್ಯಾಬಿಗೂ ಹೋಗಿಬರುವಂತೆ ಮಾಡುವ ಕೆಲಸ ಮಾತ್ರ ಇನ್ನೂ ಯಾರದ್ದೂ ಆಗಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ದೊಡ್ಡ ಮೊತ್ತದವಲ್ಲ.

ಎಲ್ಲಕ್ಕಿಂತ ಮೊದಲು, ಮೊದಲ ಆರ್ಡರ್. ಅಮೆರಿಕದ ಚಿಪ್ ಕಂಪನಿಗಳಿಗೂ ಮೊದಲ ದೊಡ್ಡ ಗಿರಾಕಿ ಸರ್ಕಾರವೇ. 1960ರ ದಶಕದ ಆರಂಭದಲ್ಲಿ ಮಿನಿಟ್‌ಮನ್ ಕ್ಷಿಪಣಿ ಮತ್ತು ಅಪೋಲೊ ಯೋಜನೆಗಳು ಬೇರೆಯವರು ಕೊಳ್ಳಲಾಗದಷ್ಟು ದುಬಾರಿಯಾಗಿದ್ದ ಚಿಪ್ಪುಗಳನ್ನು ಕೊಂಡವು. ನಮ್ಮಲ್ಲಿ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎರಡರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ನೀರು ಸರಬರಾಜು ವ್ಯವಸ್ಥೆ ಇದೆ, ಮಹಾನಗರ ಪಾಲಿಕೆ ಇದೆ. ಅವರಿಗೆ ದಿನನಿತ್ಯ ಕಾಡುವ ತಾಂತ್ರಿಕ ತೊಂದರೆಗಳನ್ನು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಪ್ರಕಟಿಸಲಿ. ಪರಿಹಾರ ಮಾಡಿ ತೋರಿಸಿದ ಸ್ಥಳೀಯ ಸಣ್ಣ ಘಟಕಕ್ಕೆ, ಸ್ಟಾರ್ಟಪ್‌ಗೆ, ಹಳೆಯ ವಹಿವಾಟು ಕೇಳದೆ ಸಣ್ಣ ಪ್ರಾಯೋಗಿಕ ಆರ್ಡರ್ ಕೊಡಲಿ. ಕೆಲಸ ಮಾಡಿದರೆ ದೊಡ್ಡದು, ಇಲ್ಲವಾದರೆ ಅಲ್ಲಿಗೇ ಬಿಡಲಿ. ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಮಾಡಬೇಕೆಂಬ ನೀತಿ ಇದೆ. ರಾಜ್ಯದಲ್ಲಿ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೊಡುವುದು ಸರ್ಕಾರಕ್ಕೆ ಹೊಸದೇನಲ್ಲ. ಆ ವಿನಾಯಿತಿಯನ್ನು ಇಂಥ ಪ್ರಾಯೋಗಿಕ ಖರೀದಿಗೂ ಒಂದು ಮಿತಿಯೊಳಗೆ ಕೊಡಿ. ಸಹಿ ಹಾಕುವ ಎಂಜಿನಿಯರಿಗೆ ಪ್ರಯೋಗ ವಿಫಲವಾದರೆ ಆಡಿಟ್ ಆಕ್ಷೇಪದಿಂದ ರಕ್ಷಣೆ ಇರಲಿ. ಅದಿಲ್ಲದೆ ಯಾರೂ ಪೆನ್ನು ಎತ್ತುವುದಿಲ್ಲ.

ಎರಡನೆಯದಾಗಿ ಪರೀಕ್ಷಾ ಕೇಂದ್ರ. ಹೊಸ ಕಟ್ಟಡ ಬೇಡ. ಧಾರವಾಡ-ಹುಬ್ಬಳ್ಳಿ-ಬೆಳಗಾವಿಯ ಸರ್ಕಾರಿ ಸಂಸ್ಥೆಗಳಲ್ಲಿ ಈಗಾಗಲೇ ಇರುವ ಯಂತ್ರಗಳು ಯಾವುವು, ಗಂಟೆಗೆ ದರ ಎಷ್ಟು, ಯಾರನ್ನು ಕೇಳಬೇಕು ಎಂಬುದು ಒಂದೇ ಕಡೆ ಬಹಿರಂಗವಾಗಿರಲಿ. ಇಲ್ಲದ ಪರೀಕ್ಷೆಗಳಿಗೆ ಮಾತ್ರ ಹೊಸ ಯಂತ್ರ ತನ್ನಿ. ಯಂತ್ರಕ್ಕೆ ಹಣ ಕೊಡುವಾಗಲೇ ಅದನ್ನು ನಡೆಸುವ ಇಬ್ಬರು ನುರಿತ ತಂತ್ರಜ್ಞರಿಗೆ, ಮಾನ್ಯತೆಗೆ, ರಿಪೇರಿಗೆ ಐದು ವರ್ಷದ ಹಣವನ್ನೂ ತೆಗೆದಿಡಿ. ಸಂಜೆಯೂ ತೆರೆದಿರಲಿ, ಏಕೆಂದರೆ ಸಣ್ಣ ಘಟಕದವನಿಗೆ ಹೊಸದನ್ನು ಮಾಡಲು ಪುರಸೊತ್ತು ಸಿಗುವುದು ದಿನದ ಜಾಬ್ ಇಳಿಸಿದ ಮೇಲೆಯೇ.

ಜನರ ಓಡಾಟಕ್ಕೂ ಸರ್ಕಾರ ದಾರಿ ಮಾಡಬೇಕು. ರಾಜ್ಯದ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ (ಜಿಟಿಟಿಸಿ)ಗಳ ಬೋಧಕರು ಒಂದೆರಡು ವರ್ಷ ಉದ್ದಿಮೆಯಲ್ಲಿ ಕೆಲಸ ಮಾಡಲು ಅಥವಾ ತಾವೇ ಉದ್ದಿಮೆ ಕಟ್ಟಲು, ಸೇವಾ ಹಿರಿತನ ಕಳೆದುಕೊಳ್ಳದೆ ರಜೆ ಪಡೆಯುವಂತಿರಲಿ. ಕೆಲಸದಲ್ಲಿರುವ ಡಿಪ್ಲೊಮಾ, ಐಟಿಐ ಹುಡುಗರಿಗೆ ಸಂಜೆಯ ಉನ್ನತ ಕೋರ್ಸುಗಳು ಕೈಗಾರಿಕಾ ವಸಾಹತಿನಲ್ಲೇ ನಡೆಯಲಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ರೂಢಿಯನ್ನು ಕಾರ್ಮಿಕ ಇಲಾಖೆ ಒಂದು ಸ್ಪಷ್ಟ ಸುತ್ತೋಲೆಯಿಂದ ನಿಲ್ಲಿಸಲಿ.

ಕಷ್ಟದ ಕೆಲಸ ಮಾಡುವ ಒಂದು ಸಂಶೋಧನಾ ಘಟಕವೂ ನಮಗೆ ಬೇಕು. ಇಸ್ರೋ, ಡಿಆರ್‌ಡಿಒ, ಸಿಎಂಟಿಐಗಳಂಥ ಸಂಸ್ಥೆಯ ಒಂದು ವಿಭಾಗ, ತನ್ನದೇ ಬಜೆಟ್, ತನ್ನದೇ ಕಾಯಂ ಹುದ್ದೆಗಳೊಂದಿಗೆ ಇಲ್ಲಿ ನೆಲೆಯೂರುವಂತೆ ಕೇಂದ್ರದ ಮೇಲೆ ಒತ್ತಡ ತನ್ನಿ. ದ್ರವ ನಿಯಂತ್ರಣ, ವಾಲ್ವ್, ಹೈಡ್ರಾಲಿಕ್ಸ್ ಎಂಬ ಒಂದೇ ವಿಷಯವಾದರೂ ಸಾಕು, ಅದು ಈ ಮಣ್ಣಿನ ಕಸುಬು. ಮಂಗಳೂರಿಗೆ, ಮೈಸೂರಿಗೆ, ಕಲಬುರಗಿಗೆ ಅವರವರ ಕಸುಬಿಗೆ ತಕ್ಕದ್ದು ಬೇರೆಯೇ ಇರಬಹುದು. ಎಲ್ಲ ಊರಿಗೂ ಒಂದೇ ಅಚ್ಚಿನ ಐಟಿ ಪಾರ್ಕ್ ಹಂಚುವುದನ್ನು ಬಿಡಿ.

ಜಾಗದ ವಿಷಯದಲ್ಲಿ ಒಂದೇ ಮಾತು. ಹಂಚಿಕೆಯಾಗಿ ವರ್ಷಗಟ್ಟಲೆ ಜಾಲಿ ಬೆಳೆದು ನಿಂತ ನಿವೇಶನಗಳನ್ನು ನಿಯಮದಂತೆ ವಾಪಸು ಪಡೆದು, ಸಣ್ಣ ಸಣ್ಣ ಶೆಡ್ ಕಟ್ಟಿ ಬಾಡಿಗೆಗೆ ಕೊಡಿ. ಹೊಸಬನಿಗೆ ನಿವೇಶನ ಕೊಳ್ಳುವ ಶಕ್ತಿ ಇರುವುದಿಲ್ಲ. ಇದಕ್ಕೆ ರೈತರ ಒಂದು ಗುಂಟೆಯನ್ನೂ ಹೊಸದಾಗಿ ಕೇಳಬೇಕಿಲ್ಲ.

ಕೊನೆಯದು ಲೆಕ್ಕದ ವಿಷಯ. ಸಹಿಯಾದ ಒಡಂಬಡಿಕೆಗಳ ಮೊತ್ತ ಇನ್ನು ಸಾಕು. ಪ್ರತಿ ಚಳಿಗಾಲ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಅಲ್ಲಿ ಇಬ್ಬರೂ ಸಚಿವರು ಜಂಟಿಯಾಗಿ ಒಂದು ಹೇಳಿಕೆ ಮಂಡಿಸಿ: ಈ ವರ್ಷ ಈ ಭಾಗದ ಎಷ್ಟು ಹೊಸ ಘಟಕಗಳಿಗೆ ಸರ್ಕಾರ ಮೊದಲ ಆರ್ಡರ್ ಕೊಟ್ಟಿತು, ಪರೀಕ್ಷಾ ಯಂತ್ರಗಳು ಎಷ್ಟು ಗಂಟೆ ಹೊರಗಿನವರಿಗಾಗಿ ಓಡಿದವು, ಎಷ್ಟು ಬೋಧಕರು ಉದ್ದಿಮೆಗೆ ಹೋಗಿಬಂದರು, ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಹಣ ಬಂತು. ಮೊದಲ ವರ್ಷದ ಸಂಖ್ಯೆಗಳು ಸಣ್ಣವಿದ್ದರೂ ನಾವು ದೂರುವುದಿಲ್ಲ.

ಮುಂದಿನ ಅಧಿವೇಶನಕ್ಕೆ ಬರುವಾಗ ಒಂದು ಅರ್ಧ ದಿನ ಗೋಕುಲ ರಸ್ತೆಗೂ, ಉದ್ಯಮಬಾಗಕ್ಕೂ ಕೊಡಿ. ಹಾರ, ಶಾಲು, ವೇದಿಕೆ ಯಾವುದೂ ಇರುವುದಿಲ್ಲ. ಹೊರಗಿನ ಊರಿಗೆ ಕಳಿಸಬೇಕಾಗಿ ಬಂದ ಪರೀಕ್ಷೆಗಳ ಪಟ್ಟಿಯನ್ನು ನಮ್ಮ ಸಾಲಿನ ಘಟಕದವರು ಸೇರಿ ತಯಾರಿಸಿ ಇಡುತ್ತೇವೆ. ಅನುಭವ ಪತ್ರವಿಲ್ಲವೆಂದು ತಿರಸ್ಕೃತವಾದ ಸರಕುಗಳನ್ನೂ ಮೇಜಿನ ಮೇಲೆ ಜೋಡಿಸಿಡುತ್ತೇವೆ. ಖರೀದಿ ನಿಯಮ ಬಲ್ಲ ಅಧಿಕಾರಿಯೊಬ್ಬರನ್ನು ತಪ್ಪದೆ ಜೊತೆಗೆ ಕರೆತನ್ನಿ.

ತಮ್ಮ ವಿಶ್ವಾಸಿ,
ಗೋಕುಲ ರಸ್ತೆಯ ಒಬ್ಬ ಸಣ್ಣ ಉದ್ದಿಮೆದಾರ,
ಹುಬ್ಬಳ್ಳಿ